‘ಇದು ತಪ್ಪಿದರೆ ಕೇಳುವವರು ಯಾರು?’: ಮನೆಯಲ್ಲೇ ಬಟ್ಟೆ ಹೊಲಿಯುವ ಒಬ್ಬರ ನಡಿಗೆಯ ಪ್ರಕರಣ

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ನಗರ. ಐದು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಓಣಿ. ಅಲ್ಲಿ ಮನೆಯ ಪಡಸಾಲೆಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವ 48 ವರ್ಷದ ಒಬ್ಬ ಹೆಣ್ಣುಮಗಳು. ಇಲ್ಲಿ ಅವರನ್ನು ಟೇಲರಕ್ಕ ಎಂದು ಕರೆಯೋಣ. ಗುರುತು ಸಿಗಬಾರದೆಂದು ವಯಸ್ಸು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದೆ. ಅಳತೆಗಳನ್ನೂ ಘಟನೆಗಳ ಕ್ರಮವನ್ನೂ ಬದಲಿಸಿಲ್ಲ.

ಮನೆಯಲ್ಲಿ ಐದು ಜನ: ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತರಾದ ಗಂಡ, 74 ವರ್ಷದ ಅತ್ತೆ, ಡಿಗ್ರಿ ಓದುವ ಮಗಳು, ಎರಡನೇ ಪಿಯುಸಿಯ ಮಗ. ಟೇಲರಕ್ಕನಿಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ ಜೊತೆಗೆ 2 ಮಿ.ಗ್ರಾಂ. ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದರು. ಎತ್ತರ 152 ಸೆಂ.ಮೀ., ತೂಕ 71 ಕೆ.ಜಿ., ಸೊಂಟದ ಸುತ್ತಳತೆ 96 ಸೆಂ.ಮೀ. ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) 8.4. ಬಲ ಮೊಣಕಾಲಿನಲ್ಲಿ ಎರಡು ವರ್ಷದ ನೋವು. ನೆಲದಿಂದ ಏಳುವಾಗ ಕೈ ಊರಲೇಬೇಕು. ಎದೆನೋವು, ಏದುಸಿರು ಇಲ್ಲ. ಪಾದದಲ್ಲಿ ಗಾಯವಿಲ್ಲ, ಸ್ಪರ್ಶಜ್ಞಾನ ಸರಿಯಾಗಿದೆ.

‘ವಾಕಿಂಗ್ ಮಾಡಿ’ ಎಂದು ಅವರಿಗೆ ವೈದ್ಯರು ಮೂರು ಸಲ ಹೇಳಿದ್ದರು. ಮೂರು ಸಲವೂ ಶುರುಮಾಡಿ ಬಿಟ್ಟಿದ್ದರು. ಹೆಚ್ಚೆಂದರೆ ಒಂಬತ್ತು ದಿನ ನಡೆದಿದ್ದರು. ಚೀಟಿಯ ಮೇಲೆ ಯಾರೋ ‘ಸಲಹೆ ಪಾಲಿಸುತ್ತಿಲ್ಲ’ ಎಂದು ಬರೆದಿದ್ದರು. ಮನೆಯವರ ಭಾಷೆಯಲ್ಲಿ ಅದಕ್ಕೆ ಇದ್ದ ಹೆಸರು ಇನ್ನೂ ಸರಳ: ಆಲಸ್ಯ.

ಸಮಸ್ಯೆ ಎಲ್ಲಿತ್ತು

ಮೊದಲ ಎಡವಟ್ಟು ಅಳತೆಯಲ್ಲೇ ಆಗಿತ್ತು. ಮೂವತ್ತು ದಾಟಿದವರ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ಪಟ್ಟಿಯಲ್ಲಿ, ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಇದೆಯೇ ಎಂಬ ಒಂದು ಪ್ರಶ್ನೆ ಇದೆ. ಟೇಲರಕ್ಕ ‘ಹೌದು’ ಎಂದಿದ್ದರು. ಸುಳ್ಳೇನಲ್ಲ. “ಮುಂಜಾನೆ ಐದಕ್ಕ ಎದ್ರ ರಾತ್ರಿ ಹತ್ತರ ತನಕ ಕೆಲಸಾನ ಐತ್ರಿ, ಮತ್ತೇನ್ ಮಾಡ್ಲಿ?” ಎಂಬುದು ಅವರ ಲೆಕ್ಕ. ರೊಟ್ಟಿ ಬಡಿಯುವುದು, ಪಾತ್ರೆ, ಬಟ್ಟೆ, ಹೊಲಿಗೆ, ಎಲ್ಲವೂ ಅವರಿಗೆ ಚಟುವಟಿಕೆಯೇ. ಆದರೆ ಇವುಗಳಲ್ಲಿ ಬಹುಪಾಲು ಹಗುರ ಕೆಲಸ. ಹೊಲಿಗೆಯಂತೂ ಪೂರಾ ಕುಳಿತ ಕೆಲಸ. ದಣಿವಿಗೂ ಚಟುವಟಿಕೆಯ ತೀವ್ರತೆಗೂ ಸಂಬಂಧ ಕಡಿಮೆ ಎಂಬುದು ಕೇಳುವವರಿಗೂ ಹೊಳೆಯುವುದಿಲ್ಲ, ಹೇಳುವವರಿಗೂ ಹೊಳೆಯುವುದಿಲ್ಲ.

ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಸಾಧನವನ್ನು ಹತ್ತು ದಿನ ಕೊಡಲಾಯಿತು. ಮೊಬೈಲ್ ಫೋನಿನ ಎಣಿಕೆಯನ್ನು ಬೇಕೆಂದೇ ಬಿಟ್ಟದ್ದು, ಏಕೆಂದರೆ ಅವರ ಫೋನು ದಿನವಿಡೀ ಮೆಷಿನ್ ಪಕ್ಕದ ಕಿಟಕಿಯಲ್ಲಿ ಇರುತ್ತದೆ. ಹತ್ತರಲ್ಲಿ ಎಂಟು ದಿನ ಸರಾಸರಿ 2,400 ಹೆಜ್ಜೆ. ನೀರು ಬಂದ ಎರಡು ದಿನ 5,100. ಒಟ್ಟು ಸರಾಸರಿ 2,940. ನೀರಿನ ದಿನದ ಅಂಕಿ ಕೂಡ ಪೂರ್ತಿ ಸತ್ಯ ಹೇಳುವುದಿಲ್ಲ: ಬರಿಗೈಯಲ್ಲಿ ಇಟ್ಟ ಹೆಜ್ಜೆಯೂ 12 ಲೀಟರ್ ಕೊಡ ಹೊತ್ತು ಇಟ್ಟ ಹೆಜ್ಜೆಯೂ ಸಾಧನಕ್ಕೆ ಒಂದೇ.

ಎರಡು ವರ್ಷದ ಹಿಂದೆ ಕಾಲಿನಿಂದ ತುಳಿಯುವ ಮೆಷಿನ್‌ಗೆ ಮೋಟಾರ್ ಕೂರಿಸಿದ್ದರು. ಲೈನಿಂಗ್ ಬಟ್ಟೆ ತರಲು ಮೊದಲು ಪೇಟೆಗೆ ನಡೆದು ಹೋಗುತ್ತಿದ್ದವರು, ಈಗ ವಾರಕ್ಕೊಮ್ಮೆ ಗಂಡನ ಗಾಡಿಯ ಹಿಂದೆ ಕುಳಿತು ಹೋಗುತ್ತಾರೆ. ಪಿಕೋ-ಫಾಲ್‌ಗೆ ಸೀರೆ ಕೊಟ್ಟು ತರಲು ಮಗನ ಸ್ಕೂಟರ್ ಇದೆ. ಒಂದೊಂದೂ ಒಳ್ಳೆಯ ಅನುಕೂಲವೇ, ಯಾರೂ ಬೇಡ ಎನ್ನಲಾರರು. ಎಲ್ಲ ಸೇರಿ ಅವರ ದಿನದಿಂದ ನಡಿಗೆಯನ್ನು ಸದ್ದಿಲ್ಲದೆ ತೆಗೆದುಹಾಕಿದ್ದವು.

ಇದು ಒಬ್ಬರ ಕತೆ ಮಾತ್ರ ಅಲ್ಲ ಎಂಬುದಕ್ಕೆ ಎರಡು ಅಂಕಿ ಸಾಕು. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಅದು ಶೇ 42ರಷ್ಟು, ಹೆಂಗಸರಲ್ಲಿ ಶೇ 57ರಷ್ಟು. ಈ 15 ಅಂಕದ ಅಂತರವನ್ನು ‘ಹೆಂಗಸರಿಗೆ ಮನಸ್ಸಿಲ್ಲ’ ಎಂದು ಓದಿದರೆ ಟೇಲರಕ್ಕನ ಚೀಟಿಯ ಮೇಲೆ ಬರೆದವರ ತಪ್ಪನ್ನೇ ಮಾಡಿದಂತೆ.

ಮೊದಲ ಪ್ರಯತ್ನ: ಬೆಳಗಿನ ಐದೂವರೆ

ಡಿಸೆಂಬರ್ ಮಧ್ಯದಲ್ಲಿ ಶುರು. ಯೋಜನೆ ಎಲ್ಲರೂ ಕೊಡುವಂಥದ್ದೇ: ಬೆಳಿಗ್ಗೆ 5.30ಕ್ಕೆ ಎದ್ದು, 1.1 ಕಿ.ಮೀ. ದೂರದ ಉದ್ಯಾನಕ್ಕೆ ಹೋಗಿ, ಅಲ್ಲಿ 30 ನಿಮಿಷ ನಡೆದು ಬರುವುದು, ವಾರಕ್ಕೆ ಐದು ದಿನ. ವೇಗಕ್ಕೆ ಮಾತಿನ ಪರೀಕ್ಷೆ: ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಕಾಗದದ ಮೇಲೆ ಒಂದು ತಪ್ಪೂ ಇರಲಿಲ್ಲ.

ಮೊದಲ ವಾರ ನಾಲ್ಕು ದಿನ ನಡೆದರು. ಎರಡನೇ ವಾರ ಎರಡು. ಮೂರನೇ ವಾರ ಒಂದೇ. ಏಕೆಂದು ಕೇಳಿದಾಗ ಬಂದ ಉತ್ತರ ‘ಟೈಮ್ ಸಿಗೂದಿಲ್ರಿ’. ಈ ಉತ್ತರವನ್ನು ಅಲ್ಲಿಗೇ ಬಿಟ್ಟಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಬಿಡಿಸಿ ಕೇಳಿದಾಗ ಒಂದೊಂದೇ ಹೊರಬಂದವು. ನೀರು ಬಿಡುವ ದಿನ ಬೆಳಗಿನ ಜಾವ ನಾಲ್ಕೂವರೆಗೋ ಐದಕ್ಕೋ ನಲ್ಲಿ ಸದ್ದು ಮಾಡುತ್ತದೆ. ಮುಂದಿನ ಎರಡು ತಾಸು ಮನೆಯ ಎಲ್ಲ ಪಾತ್ರೆ, ಡ್ರಮ್ಮು, ಕೊಡ ತುಂಬಬೇಕು. ಓಣಿಯ ತಿರುವಿನಲ್ಲಿ ಬೀದಿದೀಪ ಇಲ್ಲ, ಅಲ್ಲೇ ನಾಲ್ಕೈದು ನಾಯಿ ಮಲಗಿರುತ್ತವೆ. ಸೀರೆಯ ಮೇಲೆ ಬೂಟು ಹಾಕಿಕೊಂಡು ಹೋಗಲು ನಾಚಿಕೆ, ಹಾಗಾಗಿ ಹವಾಯಿ ಚಪ್ಪಲಿ. ಹವಾಯಿ ಚಪ್ಪಲಿಯಲ್ಲಿ ಬೆರಳುಗಳು ಪಟ್ಟಿಯನ್ನು ಬಿಗಿಹಿಡಿಯಬೇಕಾಗುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ವೇಗ ಬರುವುದಿಲ್ಲ. ಅವರ ಮೊಣಕಾಲು ನೋವಂತೂ ಅದರಿಂದ ಹೆಚ್ಚೇ ಆಗಿತ್ತು.

ನಾಚಿಕೆಯನ್ನು ಹೀಗಳೆಯದೆ, ಹಿಂದೆ ಬೆಲ್ಟ್ ಇರುವ, ಹಿಮ್ಮಡಿ ಹಿಡಿಯುವ ಸ್ಯಾಂಡಲ್‌ಗೆ ಬದಲಾಯಿಸಿದ್ದು ಮೊದಲ ತಿದ್ದುಪಡಿ. ಉಳಿದ ಕಾರಣಗಳಿಗೆ ಪರಿಹಾರ ಹುಡುಕುವ ಮುಂಚೆಯೇ ಇನ್ನೊಂದು ಘಟನೆ ನಡೆಯಿತು.

ಮೂರನೇ ವಾರದ ಒಂದು ನೀರಿನ ದಿನ. ನೀರು ತುಂಬಿ ಮುಗಿಯುವ ಹೊತ್ತಿಗೆ ಏಳು ಗಂಟೆ. ವಾಡಿಕೆಯಂತೆ ಮಾತ್ರೆ ನುಂಗಿದರು. ತಿಂಡಿ ಇನ್ನೂ ಆಗಿರಲಿಲ್ಲ. ‘ಈ ವಾರ ಒಂದು ದಿನಾನೂ ಆಗಿಲ್ಲ’ ಎಂದು ಹಾಗೇ ನಡೆಯಲು ಹೊರಟರು. ಉದ್ಯಾನ ತಲುಪುವ ಹೊತ್ತಿಗೆ ಕೈನಡುಕ, ಬೆವರು, ಕಣ್ಣಿಗೆ ಮಂಜು. ಯಾರೋ ಗಾಡಿಯಲ್ಲಿ ಮನೆಗೆ ತಂದುಬಿಟ್ಟರು. ಮನೆಯ ಗ್ಲುಕೋಮೀಟರ್‌ನಲ್ಲಿ 62. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅದು ಕಡಿಮೆ ಸಕ್ಕರೆ. ಮಗಳು ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದಳು, ಸುಮಾರು 15 ಗ್ರಾಂ. ಹದಿನೈದು ನಿಮಿಷ ಬಿಟ್ಟು ನೋಡಿದಾಗ 84. ಆಮೇಲೆ ತಿಂಡಿ.

ಕಾರಣ ಸ್ಪಷ್ಟ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಹೀಗಾಗುವುದು ಅಪರೂಪ, ಗ್ಲಿಮೆಪಿರೈಡ್ ಹಾಗಲ್ಲ. ಅದು ಊಟ ಬಂದರೂ ಬಾರದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ, ಅದಕ್ಕೇ ತಿಂಡಿಯ ಜೊತೆ ತೆಗೆದುಕೊಳ್ಳಬೇಕು. ಎರಡು ತಾಸು ಕೊಡ ಹೊತ್ತ ಮೈ, ಖಾಲಿ ಹೊಟ್ಟೆ, ಮಾತ್ರೆ, ಮೇಲೆ ನಡಿಗೆ. ಯೋಜನೆ ಬರೆದಾಗ ‘ಮಾತ್ರೆ ಎಷ್ಟು ಹೊತ್ತಿಗೆ, ತಿಂಡಿ ಎಷ್ಟು ಹೊತ್ತಿಗೆ, ಎರಡರ ನಡುವೆ ಏನು’ ಎಂದು ಕೇಳಿರಲಿಲ್ಲ. ಇಡೀ ಪ್ರಕರಣದಲ್ಲಿ ಕ್ಷಮಿಸಲಾಗದ ತಪ್ಪು ಇದೊಂದೇ. ವೈದ್ಯರು ಗ್ಲಿಮೆಪಿರೈಡನ್ನು 1 ಮಿ.ಗ್ರಾಂ.ಗೆ ಇಳಿಸಿದರು. ತಿಂಡಿಯ ತಟ್ಟೆ ಮುಂದಿದ್ದಾಗಲೇ ಮಾತ್ರೆ, ನಡೆಯುವಾಗ ಸೆರಗಿನ ಗಂಟಿನಲ್ಲಿ ಸಕ್ಕರೆ ಪೊಟ್ಟಣ ಎಂಬ ಎರಡು ನಿಯಮ ಬಂದವು.

ಆದರೆ ಸಕ್ಕರೆ ಸರಿಹೋದಷ್ಟು ಬೇಗ ಭಯ ಸರಿಹೋಗಲಿಲ್ಲ. ಅತ್ತೆಯ ಮಾತು: “ಮನ್ಯಾಗ ಬಿದ್ರ ಹಿಡಿಯಾಕ ನಾವದೀವಿ. ಬೀದ್ಯಾಗ ಬಿದ್ರ?” ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ನಾಲ್ಕು ವಾರ ನಡಿಗೆ ಪೂರ್ತಿ ನಿಂತಿತು.

ಎರಡನೇ ಪ್ರಯತ್ನ

ಬೀದಿ ಬೇಡವಾದರೆ ಮನೆಯೊಳಗೇ ಆಗಲಿ ಎಂದು ಮಗಳು ಫೋನಿನಲ್ಲಿ 20 ನಿಮಿಷದ ವ್ಯಾಯಾಮದ ವಿಡಿಯೊ ಹಾಕಿಕೊಟ್ಟಳು. ಹನ್ನೊಂದು ದಿನ ನಡೆಯಿತು. ಪಡಸಾಲೆಯ ಬಾಗಿಲು ಬೀದಿಗೆ ತೆರೆಯುತ್ತದೆ, ಗಿರಾಕಿಗಳು ಯಾವಾಗೆಂದರೆ ಆವಾಗ ಬರುತ್ತಾರೆ. ಒಳಕೋಣೆಯಲ್ಲಿ ಅತ್ತೆ ಮಲಗಿರುತ್ತಾರೆ. ವಿಡಿಯೊದಲ್ಲಿ ನೆಲದ ಮೇಲಿನ ವ್ಯಾಯಾಮ, ಕುಪ್ಪಳಿಕೆ ಎರಡೂ ಇದ್ದವು. ಮೊಣಕಾಲು ಊದಿತು. ಇದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಬೇರೆಯವರ ಮೈಗೆ, ಬೇರೆಯವರ ಮನೆಗೆ ಹೊಲಿದ ಅಂಗಿ.

ತಿರುವು: ನಾಲ್ಕು ಕಾಲಮ್ಮಿನ ಹಾಳೆ

ಹತ್ತನೇ ವಾರ ಹೊಸ ವ್ಯಾಯಾಮ ಹೇಳುವುದನ್ನು ನಿಲ್ಲಿಸಿ, ದಿನದ ಹಾಳೆ ಬರೆಸಲಾಯಿತು. ಬೆಳಿಗ್ಗೆ 5ರಿಂದ ರಾತ್ರಿ 10.30ರವರೆಗೆ ಅರ್ಧ ತಾಸಿನ 35 ಸಾಲು. ಮೂರು ದಿನ: ಒಂದು ನೀರಿನ ದಿನ, ಒಂದು ಸಾದಾ ದಿನ, ಒಂದು ಭಾನುವಾರ. ಪ್ರತಿ ಸಾಲಿಗೂ ನಾಲ್ಕು ಕಾಲಮ್ಮು. ಏನು ಮಾಡಿದಿರಿ. ಕುಳಿತೋ, ನಿಂತೋ, ನಡೆದೋ. ನಿಮ್ಮ ಬದಲು ಬೇರೆಯವರು ಮಾಡಬಹುದೇ. ಕೊನೆಯದು: ಇದು ತಪ್ಪಿದರೆ ಕೇಳುವವರು ಯಾರು?

ಸಾದಾ ದಿನದ ಹಾಳೆಯಲ್ಲಿ 19 ಸಾಲು, ಅಂದರೆ ಒಂಬತ್ತೂವರೆ ತಾಸು, ಕುಳಿತದ್ದು. ಇದು ನಿರೀಕ್ಷೆಯದೇ. ಕಣ್ಣು ತೆರೆಸಿದ್ದು ಕೊನೆಯ ಕಾಲಮ್ಮು. ಬೆಳಗಿನ ಸಾಲುಗಳಲ್ಲಿ ಮಗನ ಡಬ್ಬಿ, ಗಂಡನ ರೊಟ್ಟಿ, ಅತ್ತೆಯ ಚಹಾ, ಎಲ್ಲದಕ್ಕೂ ಕೇಳುವವರಿದ್ದರು. ಹಗಲಿನ ಹೊಲಿಗೆಗೆ ಗಿರಾಕಿಗಳಿದ್ದರು. 35ರಲ್ಲಿ ಕೇಳುವವರಿಲ್ಲದ ಸಾಲು ಮೂರೇ: ಮಧ್ಯಾಹ್ನ 2.30ರಿಂದ 3.30ರವರೆಗೆ ಅಡ್ಡಾಗುವ ಎರಡು, ರಾತ್ರಿ ಮಲಗುವ ಮುಂಚಿನ ಒಂದು. ಉಳಿದದ್ದೆಲ್ಲ ಇನ್ನೊಬ್ಬರ ಗಡಿಯಾರಕ್ಕೆ ಕಟ್ಟಿದ ಹೊತ್ತು.

ಈಗ ಹಿಂದಿನ ಸೋಲು ಅರ್ಥವಾಗುತ್ತದೆ. ನಡಿಗೆ ತಪ್ಪಿದರೆ ಆ ದಿನ ಯಾರೂ ಕೇಳುವುದಿಲ್ಲ; ರೊಟ್ಟಿ ತಪ್ಪಿದರೆ ಐದು ನಿಮಿಷದಲ್ಲಿ ಕೇಳುತ್ತಾರೆ. ಬೆಳಗಿನ ಐದೂವರೆಗೆ ಇವೆರಡನ್ನೂ ಎದುರುಬದುರು ನಿಲ್ಲಿಸಿದರೆ ಯಾವುದು ಗೆಲ್ಲುತ್ತದೆಂದು ಹೇಳಲು ಸಂಶೋಧನೆ ಬೇಕಿಲ್ಲ. ವರ್ತನೆಯ ಬಗ್ಗೆ ಕೆಲಸ ಮಾಡುವವರು ಸಾಮರ್ಥ್ಯ, ಅವಕಾಶ, ಪ್ರೇರಣೆ ಎಂದು ಮೂರು ಭಾಗ ಮಾಡಿ ನೋಡುತ್ತಾರೆ. ಟೇಲರಕ್ಕನಿಗೆ ಮೂರು ವರ್ಷ ಕೊಟ್ಟದ್ದೆಲ್ಲ ಪ್ರೇರಣೆಯ ಔಷಧ. ಕೊರತೆ ಇದ್ದದ್ದು ಅವಕಾಶದಲ್ಲಿ.

ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಲಾಯಿತು. ನಡಿಗೆಗೆ ಬಿಡುವು ಹುಡುಕುವ ಬದಲು, ಕೇಳುವವರು ಈಗಾಗಲೇ ಇರುವ ಯಾವ ಕೆಲಸದೊಳಗೆ ನಡಿಗೆಯನ್ನು ಹೊಲಿದು ಸೇರಿಸಬಹುದು?

ಮೂರನೇ ಪ್ರಯತ್ನ: ಲೈನಿಂಗ್ ಬಟ್ಟೆ ಮತ್ತು ಪಿಕೋ

ಲೈನಿಂಗ್ ಬಟ್ಟೆ, ದಾರ ಸಿಗುವ ಅಂಗಡಿ ಮನೆಯಿಂದ 900 ಮೀಟರ್. ಪಿಕೋ ಅಂಗಡಿ 600 ಮೀಟರ್. ವಾರದ ಲೈನಿಂಗ್ ಅನ್ನು ಒಂದೇ ಸಲ ಗಾಡಿಯಲ್ಲಿ ತರುವ ಬದಲು ನಾಲ್ಕು ಸಲ ನಡೆದು ತರುವುದು. ಪಿಕೋಗೆ ವಾರಕ್ಕೆ ಎರಡು ಸಲ ತಾವೇ ಹೋಗುವುದು. ಲೈನಿಂಗ್ ಅಂಗಡಿಗೆ ಹೋಗಿಬರಲು 1.8 ಕಿ.ಮೀ., ಸುಮಾರು 3,000 ಹೆಜ್ಜೆ, 26 ನಿಮಿಷ. ನಿಮಿಷಕ್ಕೆ 115 ಹೆಜ್ಜೆ. ನಿಮಿಷಕ್ಕೆ ನೂರು ದಾಟಿದರೆ ಸಾಮಾನ್ಯವಾಗಿ ಅದನ್ನು ಮಧ್ಯಮ ತೀವ್ರತೆ ಎಂದು ಎಣಿಸಬಹುದು. ಪಿಕೋ ಅಂಗಡಿಗೆ 1.2 ಕಿ.ಮೀ., 17 ನಿಮಿಷ. ಒಟ್ಟು ವಾರಕ್ಕೆ 138 ನಿಮಿಷ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ. ಅದರ 2010ರ ಮಾರ್ಗಸೂಚಿಯಲ್ಲಿ ಒಂದೊಂದು ಸಲವೂ ಕನಿಷ್ಠ 10 ನಿಮಿಷ ಇರಬೇಕೆಂಬ ಷರತ್ತಿತ್ತು. 2020ರದರಲ್ಲಿ ಅದನ್ನು ತೆಗೆದರು. ಹೊಲಿಗೆಯವರಿಗೆ ಈ ತಿದ್ದುಪಡಿ ದೊಡ್ಡದು, ಏಕೆಂದರೆ ಅವರ ದಿನ ತುಂಡುತುಂಡಾಗಿಯೇ ಇರುತ್ತದೆ.

ನೀರಿನ ದಿನಕ್ಕೆ ನಡಿಗೆ ರಜೆ ಎಂದು ಮೊದಲೇ ಬರೆದುಕೊಟ್ಟದ್ದು ನೋಡಲು ಚಿಕ್ಕ ನಿರ್ಧಾರ, ಪರಿಣಾಮ ಹಾಗಿರಲಿಲ್ಲ. ಮೊದಲು ನೀರಿನ ದಿನ ನಡಿಗೆ ತಪ್ಪಿದರೆ ಅದು ‘ಸೋಲು’ ಆಗುತ್ತಿತ್ತು. ಹೇಗೂ ತಪ್ಪಿತಲ್ಲ ಎಂದು ಮರುದಿನ, ಅದರ ಮರುದಿನವೂ ತಪ್ಪುತ್ತಿತ್ತು. ಈಗ ಆ ದಿನ ಕೊಡ ಹೊರುವುದೇ ಬಲದ ವ್ಯಾಯಾಮ ಎಂದು ಲೆಕ್ಕ. ಸೊಂಟದ ಮೇಲೆ ಒಂದು ತುಂಬಿದ ಕೊಡದ ಬದಲು ಎರಡೂ ಕೈಯಲ್ಲಿ ಅರ್ಧರ್ಧ ತುಂಬಿದ ಬಕೆಟ್ಟು, ಬೆನ್ನು ನೇರ. ನೀರಿನ ದಿನ ಬಿಟ್ಟು ಸತತ ಎರಡು ದಿನ ತಪ್ಪಿಸಬಾರದು ಎಂಬುದೊಂದೇ ಕಟ್ಟುಪಾಡು.

ಮೊಣಕಾಲಿಗೆ ಬೇರೆ ಕೆಲಸ ಬೇಕಿತ್ತು. ಕಟಿಂಗನ್ನು ಅವರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಮಾಡುತ್ತಿದ್ದರು, ದಿನಕ್ಕೆ ಒಂದೂವರೆ ತಾಸು. ಮನೆಯ 75 ಸೆಂ.ಮೀ. ಎತ್ತರದ ಊಟದ ಟೇಬಲ್ಲಿನ ಕಾಲುಗಳಡಿಗೆ ಬಡಗಿಯಿಂದ ಮರದ ಗುಟ್ಟ ಮಾಡಿಸಿ 87 ಸೆಂ.ಮೀ.ಗೆ ಏರಿಸಲಾಯಿತು. ಗುಟ್ಟದ ಎತ್ತರ 14 ಸೆಂ.ಮೀ., ಟೇಬಲ್ಲಿನ ಕಾಲು ಕೂರಲು ಅದರಲ್ಲಿ 2 ಸೆಂ.ಮೀ. ಆಳದ ಕುಳಿ. ಮೊದಲು ಇಟ್ಟಿಗೆ ಇಟ್ಟು ನೋಡಿದ್ದರು. ಕತ್ತರಿ ಒತ್ತಿದಾಗ ಅಲುಗಾಡಿ ಬಟ್ಟೆಯ ಗೆರೆ ತಪ್ಪಿತು. ಮೊಣಕೈಗಿಂತ ಸುಮಾರು 10 ಸೆಂ.ಮೀ. ಕೆಳಗೆ ಕಟಿಂಗ್ ಹಲಗೆ ಬಂದರೆ ಹೆಗಲಿಗೂ ಸೊಂಟಕ್ಕೂ ಹಿತ. ಇಷ್ಟರಿಂದ ಒಂದೂವರೆ ತಾಸು ಕುಳಿತದ್ದು ನಿಂತದ್ದಾಯಿತು, ಕುಕ್ಕರುಗಾಲು ತಪ್ಪಿತು.

ಒಂದು ಬ್ಲೌಸ್ ಮುಗಿದ ಕೂಡಲೇ ಕುರ್ಚಿಯಿಂದ ಐದು ಸಲ ಎದ್ದು ಕೂರುವುದು; ದಿನಕ್ಕೆ ಆರು ಬ್ಲೌಸ್ ಆದರೆ ಮೂವತ್ತು ಸಲ. ಕುರ್ಚಿಯ ಎತ್ತರ 45 ಸೆಂ.ಮೀ. ಮೊದಲ ಎರಡು ವಾರ ಕೈ ಊರಿ, ಆಮೇಲೆ ಕೈ ಎದೆಗೆ ಕಟ್ಟಿ. ನೋವಿನ ನಿಯಮ: ಹತ್ತಕ್ಕೆ ನಾಲ್ಕರವರೆಗಿನ ನೋವು ಪರವಾಗಿಲ್ಲ, ಮರುದಿನ ಬೆಳಿಗ್ಗೆ ಎದ್ದಾಗ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು, ಇಳಿಯದಿದ್ದರೆ ಅಂದು ಅರ್ಧಕ್ಕೆ ಇಳಿಸಬೇಕು, ಪೂರ್ತಿ ಬಿಡಬಾರದು. ಮೊಣಕಾಲು ನೋವಿದ್ದವರು ನಡೆದರೆ ಸವೆಯುತ್ತದೆ ಎಂಬ ನಂಬಿಕೆ ಈ ಮನೆಯಲ್ಲೂ ಗಟ್ಟಿಯಾಗಿತ್ತು. ತೊಡೆಯ ಸ್ನಾಯು ಬಲಗೊಂಡಷ್ಟೂ ಮೊಣಕಾಲಿನ ಹೊರೆ ಇಳಿಯುತ್ತದೆ ಎಂದು ಮಾತಿನಲ್ಲಿ ಹೇಳಿದ್ದಕ್ಕಿಂತ, ಮೂರನೇ ವಾರ ಕೈ ಊರದೆ ಎದ್ದದ್ದೇ ಅವರಿಗೆ ಮನವರಿಕೆ ಮಾಡಿತು.

ದೀಪ ಹಚ್ಚುವ ಹೊತ್ತು

ಫೆಬ್ರವರಿ ಕೊನೆಯಲ್ಲಿ ಶುರುವಾದಾಗ ನಡಿಗೆಯ ಹೊತ್ತು ಸಂಜೆ 4.30. ಮಾರ್ಚ್ ಮಧ್ಯಕ್ಕೆ ಆ ಹೊತ್ತಿನ ಬಿಸಿಲು ತಡೆಯದಾಯಿತು. ಸಂಜೆ 6.15ಕ್ಕೆ ಸರಿಸಬೇಕು. ಆದರೆ ಅದು ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಮನೆಯ ಸೊಸೆ ಬೀದಿಯಲ್ಲಿರುವುದು ಅತ್ತೆಗೆ ಒಪ್ಪಿಗೆಯಿಲ್ಲ. ಹಾಳೆಯ ನಾಲ್ಕನೇ ಕಾಲಮ್ಮಿನಲ್ಲಿ ಆ ಸಾಲಿಗೆ ‘ಅತ್ತಿ’ ಎಂದೇ ಇತ್ತು.

ಮಗಳು ವಾದ ಮಾಡಿ ನೋಡಿದಳು. ವಾದದಿಂದ ಕೆಟ್ಟಿತು. ಗಂಡ ‘ನನಗೇನೂ ಅಭ್ಯಂತರ ಇಲ್ಲ’ ಎಂದು ಪತ್ರಿಕೆ ಓದುತ್ತಾ ಕುಳಿತರು. ಅಭ್ಯಂತರ ಇಲ್ಲದಿರುವುದೂ ಬೆಂಬಲವೂ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕೊನೆಗೆ ಆಶಾ ಕಾರ್ಯಕರ್ತೆ ಅತ್ತೆಯ ಬಳಿಯೇ ಕುಳಿತು, ಅಪ್ಪಣೆ ಕೇಳುವ ಬದಲು ಸಲಹೆ ಕೇಳಿದರು: ಜನವರಿಯಲ್ಲಿ ಹಾಗೆ ಆದದ್ದು ಮತ್ತೆ ಆಗಬಾರದು, ಎಷ್ಟು ಹೊತ್ತಿಗೆ ಹೋದರೆ ನಿಮಗೆ ಧೈರ್ಯ, ಯಾರು ಜೊತೆಗಿರಬೇಕು, ಎಷ್ಟರೊಳಗೆ ಬರಬೇಕು? ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಸೊಸೆಯ ಕಡೆ ತಿರುಗಿ ಹೇಳಿದರು: “ದೀಪ ನಾ ಹಚ್ತೀನಿ. ಏಳರೊಳಗ ಮನಿ ಸೇರು. ಒಬ್ಬಾಕಿನ ಹೋಗಬ್ಯಾಡ.”

ಜೊತೆಗೆ ಸ್ತ್ರೀಶಕ್ತಿ ಸಂಘದ ಇಬ್ಬರು ಬಂದರು. ಒಬ್ಬರು ಎರಡು ವಾರಕ್ಕೆ ಬಿಟ್ಟರು, ಇನ್ನೊಬ್ಬರು ಉಳಿದರು. ಜೊತೆಗಾರರ ಲಾಭ ಮಾತುಕತೆಯಷ್ಟೇ ಅಲ್ಲ. ಆರೂಕಾಲಿಗೆ ಬಾಗಿಲಲ್ಲಿ ಬಂದು ನಿಲ್ಲುವ ಒಬ್ಬರು ‘ಕೇಳುವವರು’ ಆಗುತ್ತಾರೆ. ದೀಪದ ಜವಾಬ್ದಾರಿ ತೆಗೆದುಕೊಂಡ ಮೇಲೆ ಅತ್ತೆಯೂ ಹಾಗೇ ಆದರು, ಐದು ನಿಮಿಷ ತಡವಾದರೆ “ಇನ್ನೂ ಹೋಗಿಲ್ಲೇನ?” ಎಂಬ ದನಿ ಒಳಗಿನಿಂದ ಬರುತ್ತಿತ್ತು. ಮೊದಲು ಅತಿದೊಡ್ಡ ಅಡ್ಡಿಯಾಗಿ ಕಂಡವರು ಅವರೇ.

ಮದುವೆ ಸೀಸನ್

ಏಪ್ರಿಲ್ ಎರಡನೇ ವಾರದಿಂದ ಆರು ಬ್ಲೌಸಿನ ಜಾಗದಲ್ಲಿ ದಿನಕ್ಕೆ ಹತ್ತು-ಹನ್ನೊಂದು. ಮಗನ ಪರೀಕ್ಷೆ ಮುಗಿದು ಸ್ಕೂಟರೂ ಅವನೂ ಮನೆಯಲ್ಲಿ ಬಿಡುವಾಗಿದ್ದರು. ಲೈನಿಂಗ್ ತರುವುದು, ಪಿಕೋ ಕೊಡುವುದು ಎರಡೂ ಅವನ ಪಾಲಾಯಿತು. ಹೆಜ್ಜೆ ಮೂರು ಸಾವಿರಕ್ಕೆ ಕುಸಿದು ಮೂರು ವಾರ ಅಲ್ಲೇ ನಿಂತಿತು. ಕುರ್ಚಿಯಿಂದ ಎದ್ದು ಕೂರುವುದು ಮಾತ್ರ ಬಿಡಲಿಲ್ಲ, ಏಕೆಂದರೆ ಅದು ಬ್ಲೌಸಿಗೇ ಅಂಟಿಕೊಂಡಿತ್ತು.

ಕೆಲಸಕ್ಕೆ ಕಟ್ಟಿದ ನಡಿಗೆಯ ದೌರ್ಬಲ್ಯ ಇಲ್ಲಿ ಬಯಲಾಯಿತು. ಕೇಳುವವರು ಕೇಳುವುದು ಲೈನಿಂಗ್ ಬಂತೇ ಎಂದು. ಅದು ನಡೆದು ಬಂತೋ ಗಾಡಿಯಲ್ಲಿ ಬಂತೋ ಅವರಿಗೆ ಬೇಕಿಲ್ಲ. ಹಾಳೆಯ ಮೂರನೇ ಕಾಲಮ್ಮು, ‘ಬೇರೆಯವರು ಮಾಡಬಹುದೇ’ ಎಂಬುದಕ್ಕೆ ಅವರು ‘ಹೌದು, ಮಗ’ ಎಂದು ಫೆಬ್ರವರಿಯಲ್ಲೇ ಬರೆದಿದ್ದರು. ಅದನ್ನು ಓದಿಯೂ ಯಾರೂ ಗಮನಿಸಿರಲಿಲ್ಲ.

ಮತ್ತೆ ಶುರುವಾದದ್ದು ಯಾವ ಸಲಹೆಯಿಂದಲೂ ಅಲ್ಲ. ತೆಳು ಜಾರ್ಜೆಟ್ ಬಟ್ಟೆಗೆ ಗಿಳಿಹಸಿರು ಲೈನಿಂಗ್ ಬೇಕಿತ್ತು, ಮಗ ಪಾಚಿಹಸಿರು ತಂದ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಗೊತ್ತಾಗಲಿಲ್ಲ. ಹಗಲಿನಲ್ಲಿ ನೋಡಿದರೆ ಒಳಬಣ್ಣ ಎದ್ದು ಕಾಣುತ್ತಿತ್ತು. ಎರಡು ಬ್ಲೌಸ್ ಬಿಚ್ಚಿ ಹೊಲಿಯಬೇಕಾಯಿತು. ಮರುದಿನದಿಂದ ಬಟ್ಟೆಯ ತುಂಡು ಹಿಡಿದು ತಾವೇ ಹೊರಟರು. “ಬಣ್ಣಾ ಕಣ್ಣಿಗೆ ಕಾಣಬೇಕ್ರಿ, ಹುಡುಗೂರಿಗೆ ಹಸರು ಅಂದ್ರ ಎಲ್ಲಾ ಹಸರ.”

ಅದೃಷ್ಟ ಎನ್ನಬಹುದು. ಆದರೆ ಇದರಿಂದ ನಿಯಮವೊಂದು ಸಿಕ್ಕಿತು: ನಡಿಗೆಯನ್ನು ಕೇಳುವವರಿರುವ ಕೆಲಸಕ್ಕೆ ಕಟ್ಟಿದರೆ ಸಾಲದು, ಬೇರೆಯವರಿಗೆ ವಹಿಸಲಾಗದ ಕೆಲಸಕ್ಕೆ ಕಟ್ಟಬೇಕು. ಬಣ್ಣ ಹೊಂದಿಸುವುದು ಅಂಥ ಕೆಲಸ. ಪಿಕೋಗೆ ಸೀರೆ ಕೊಟ್ಟುಬರುವುದು ಅಲ್ಲ. ನಿಜಕ್ಕೂ ಮೇ ತಿಂಗಳ ನಂತರ ಲೈನಿಂಗ್ ನಡಿಗೆ ಬಹುತೇಕ ತಪ್ಪಲಿಲ್ಲ, ಪಿಕೋ ನಡಿಗೆ ಆಗಾಗ ಮಗನ ಸ್ಕೂಟರಿಗೆ ಹೋಯಿತು.

ಮೂವತ್ತನೇ ವಾರದ ಅಳತೆ

ದಿನದ ಸರಾಸರಿ ಹೆಜ್ಜೆ 2,940ರಿಂದ 5,100ರ ಆಸುಪಾಸಿಗೆ. ಕೊನೆಯ ಒಂಬತ್ತು ವಾರಗಳಲ್ಲಿ ಆರು ವಾರ 130 ನಿಮಿಷ ದಾಟಿದೆ. ನಡಿಗೆಯೊಂದರಿಂದಲೇ 150 ಮುಟ್ಟಿದ ವಾರ ಒಂದೂ ಇಲ್ಲ. ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎದ್ದು ಕೂರುವ ಪರೀಕ್ಷೆಯಲ್ಲಿ 7ರಿಂದ 11. ಮೂರು ತಿಂಗಳ ಸರಾಸರಿ ಸಕ್ಕರೆ 8.4ರಿಂದ 7.7. ಇದನ್ನು ನಡಿಗೆಯ ಖಾತೆಗೆ ಪೂರ್ತಿ ಹಾಕುವಂತಿಲ್ಲ: ಮಾತ್ರೆಯ ಪ್ರಮಾಣ ಬದಲಾಗಿದೆ, ರಾತ್ರಿಯೂಟವೂ ಒಂದು ತಾಸು ಮುಂಚೆ ಆಗುತ್ತಿದೆ. ತೂಕ 71ರಿಂದ 69.6. ಏಳು ತಿಂಗಳಿಗೆ ಒಂದೂವರೆ ಕಿಲೋ ಎಂದು ಗಂಡ ನಕ್ಕರಂತೆ. ಇಂಥ ಪ್ರಕರಣದಲ್ಲಿ ಮೊದಲ ಮೂರು ತಿಂಗಳು ತಕ್ಕಡಿಯನ್ನು ಕೋಣೆಯಿಂದ ಹೊರಗಿಡುವುದು ಒಳ್ಳೆಯದು. ಮೊದಲು ಬದಲಾಗುವುದು ಸಕ್ಕರೆ, ತೊಡೆಯ ಬಲ, ನಿದ್ದೆ. ತೂಕ ಕೊನೆಗೆ ಬರುತ್ತದೆ, ಬಂದರೆ.

ಹತ್ತು ಸಾವಿರ ಹೆಜ್ಜೆಯ ಗುರಿಯನ್ನು ಕೊಡಲೇ ಇಲ್ಲ. ಆ ಅಂಕಿ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಕೆ ಯಂತ್ರದ ಹೆಸರಿನಿಂದ ಹಬ್ಬಿದ್ದು, ವೈದ್ಯಕೀಯ ಲೆಕ್ಕದಿಂದ ಹುಟ್ಟಿದ್ದಲ್ಲ. 2,400ರಲ್ಲಿ ಇರುವವರಿಗೆ ಅದನ್ನು ಹೇಳಿದರೆ ಗುರಿಯೂ ನಡಿಗೆಯೂ ಒಟ್ಟಿಗೆ ಬಿಟ್ಟುಹೋಗುತ್ತವೆ.

ಇದೇ ರೀತಿಯ ಪ್ರಕರಣ ಕೈಗೆ ಬಂದವರು ಕ್ರಮವನ್ನು ತಿರುಗಿಸಿ ಶುರುಮಾಡಬಹುದು. ಮೊದಲ ಭೇಟಿಯಲ್ಲಿ ಮಾತ್ರೆಯ ಹೆಸರು, ಹೊತ್ತು, ತಿಂಡಿಯ ಹೊತ್ತು, ಮತ್ತು ಕಾಲಲ್ಲಿರುವ ಚಪ್ಪಲಿ ನೋಡುವುದು. ಎರಡನೆಯದರಲ್ಲಿ ದಿನದ ಹಾಳೆ. ಮೂರನೇ ಭೇಟಿಗೆ ಮುನ್ನ ನಡಿಗೆಯ ಮಾತೇ ಬೇಡ. ಟೇಲರಕ್ಕನ ಪ್ರಕರಣದಲ್ಲಿ ಹಾಗೆ ಮಾಡಿದ್ದರೆ ಹತ್ತು ವಾರ ಉಳಿಯುತ್ತಿತ್ತು, ಕಡಿಮೆ ಸಕ್ಕರೆಯ ಆ ಒಂದು ಘಟನೆ ತಪ್ಪುತ್ತಿತ್ತು. ಗಂಡಸರಿಗೂ ಹಾಳೆ ಇದೇ, ಆದರೆ ಕೊನೆಯ ಕಾಲಮ್ಮು ಬೇರೆ ರೀತಿ ತುಂಬುತ್ತದೆ: ಸಂಜೆ ಆರರ ನಂತರ ಕೇಳುವವರೇ ಇಲ್ಲದ ಸಾಲುಗಳು ಎಷ್ಟೋ ಸಿಗುತ್ತವೆ, ಅಲ್ಲಿ ಪ್ರೇರಣೆಯ ಮಾತಾಡಲು ಅರ್ಥವಿದೆ.

ಬಿಡಿಸದ ಗಂಟು ಒಂದು ಉಳಿದಿದೆ. ಮಳೆಗಾಲದಲ್ಲಿ ರಸ್ತೆಯ ಬದಿ ಕೆಸರಾದಾಗ ಇಬ್ಬರೂ ನಡುರಸ್ತೆಯಲ್ಲಿ ನಡೆಯುತ್ತಾರೆ, ಗಾಡಿಗಳ ಭಯ. ಡಿಸೆಂಬರಿಗೆ ಆರು ಗಂಟೆಗೇ ಹೊತ್ತು ಮುಳುಗುತ್ತದೆ. ಆಗ ನಡಿಗೆಯನ್ನು ಮತ್ತೆ ನಾಲ್ಕೂವರೆಗೆ ತರಬೇಕು, ಬಿಸಿಲು ಏರುವವರೆಗೆ ಅದು ಸಾಗುತ್ತದೆ. ತಿರುವಿನ ದೀಪಕ್ಕಾಗಿ ಸಂಘದ ಹೆಸರಿನಲ್ಲಿ ಎರಡು ಅರ್ಜಿ ಹೋಗಿವೆ. ಕಂಬ ಇದೆ, ಬಲ್ಬ್ ಇನ್ನೂ ಬಂದಿಲ್ಲ.